ಚಂದ್ರನನ್ನು ಅಳೆದು ಮದುವೆಯಾದದ್ದು

ಹೈಸ್ಕೂಲು ಸೈನ್ಸ್ ಮೇಷ್ಟ್ರು ಶಾಲೆಯ ಹೊರಗೆ ಬಾಯಿ ತೆರೆದರೆ ಏನಾದರೊಂದು ಆಗದೆ ಇರುವುದಿಲ್ಲ. ನಾನಂತೂ ಮುಚ್ಚಿದ್ದೇ ಕಡಿಮೆ. ಈ ಕೆಳಗಿನದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಭಾಗ ನಿಜವಾಗಬೇಕಿತ್ತು.

ಹೆಣ್ಣು ನೋಡಲು ಹೋದದ್ದು

ಇಪ್ಪತ್ತು ವರ್ಷದ ಹಿಂದಿನ ಮಾತು. ಸಾದಲಿಗೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿ ಕಾಫಿ ಕೊಟ್ಟು ಒಳಗೆ ಹೋದಳು. ಮದುವೆಯಾದರೆ ಇವಳನ್ನೇ ಅಂತ ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಅವಳಪ್ಪ ರೇಷ್ಮೆ ಹುಳ ಸಾಕುವ ರೈತ. ಏನು ಪಾಠ ಮಾಡ್ತೀರಿ ಅಂದರು. ಮೆಚ್ಚಿಸೋಣವೆಂದು, ಚಂದ್ರನ ಮೇಲೆ ಕನ್ನಡಿ ಇಟ್ಟು ಬಂದಿದ್ದಾರೆ, ಇಲ್ಲಿಂದ ಲೇಸರ್ ಬಿಟ್ಟರೆ ಎರಡೂವರೆ ಸೆಕೆಂಡಿನಲ್ಲಿ ವಾಪಸ್ ಬರುತ್ತೆ, ಹೋಗಿಬಂದ ಹೊತ್ತಿನಿಂದ ದೂರ ಲೆಕ್ಕ ಹಾಕ್ತಾರೆ ಎಂದೆ.

ಅವರು ಲೋಟ ಕೆಳಗಿಟ್ಟರು. “ಆ ಕಡೆ ಟೇಪು ಯಾರು ಹಿಡ್ಕೊಂಡಿರ್ತಾರೆ?”

ಯಾರೂ ಇಲ್ಲ ಎಂದೆ. ನಂಬೋ ಹಂಗೆ ತೋರಿಸಿ, ಹುಡುಗಿ ಮಾತು ಆಮೇಲೆ ಎಂದುಬಿಟ್ಟರು.

“ಪಕ್ಕದ ಜಮೀನಿನೋರು ಒಂದು ತುದಿ ಹಿಡೀದೆ ಅಳೆದ್ರೆ ಅದನ್ನ ನಮ್ಮ ಕಡೆ ಅಳತೆ ಅನ್ನಲ್ಲ ಮೇಷ್ಟ್ರೇ. ಒತ್ತುವರಿ ಅಂತೀವಿ.”

ಪೆರೇಸಂದ್ರದ ಪರೀಕ್ಷೆ

ಮರುವಾರ ಮುಸ್ಸಂಜೆ ಅವರನ್ನು ಸ್ಕೂಟರಿನಲ್ಲಿ ಪೆರೇಸಂದ್ರದ ಹೆದ್ದಾರಿಗೆ ಕರೆದೊಯ್ದೆ. ಟಾರ್ಚನ್ನು ಅವರ ಕಣ್ಣಿನ ಪಕ್ಕ ಹಿಡಿಸಿ, ರಸ್ತೆಯಂಚಿನ ರಿಫ್ಲೆಕ್ಟರಿಗೆ ಬೆಳಕು ಬಿಡಿಸಿದೆ. ಹೊಳೆಯಿತು. ಅವರು ಎಡಕ್ಕೆ ಹೋದರು, ಬಲಕ್ಕೆ ಬಂದರು, ಪಂಚೆ ಎತ್ತಿ ಕುಕ್ಕರಗಾಲಲ್ಲಿ ಕೂತೂ ನೋಡಿದರು. ಎಲ್ಲಿದ್ದರೂ ಬೆಳಕು ಅವರ ಕಡೆಗೇ. ದೂರ ನಿಂತ ನನಗೆ ಮಾತ್ರ ಕಾಣದು. ಚಂದ್ರನ ಮೇಲಿರೋದು ಇದರಣ್ಣ ಎಂದೆ. ಈಗ ಅವರಿಲ್ಲ. ಆದರೂ ಆ ರಸ್ತೆಯಲ್ಲಿ ರಿಫ್ಲೆಕ್ಟರುಗಳು ಸಾಲಾಗಿ ಹೊಳೆದರೆ, ಮಗುವಿನ ಹಾಗೆ ಕೂತು ನೋಡುತ್ತಿದ್ದ ಆ ಮುಖ ಕಣ್ಣ ಮುಂದೆ ಬಂದು ನಾನೇ ವೇಗ ಕಮ್ಮಿ ಮಾಡ್ತೀನಿ.

“ಕೊಟ್ಟೋರಿಗೇ ವಾಪಸ್ ಕೊಡುತ್ತೆ,” ಎಂದು ತಲೆದೂಗಿದರು. “ನಮ್ಮ ದೊಡ್ಡಳಿಯ ಔಷಧಿ ಹೊಡಿಯೋ ಮೆಷೀನು ಇಸ್ಕೊಂಡು ಹೋಗಿದ್ದು ಇನ್ನೂ ಬಂದಿಲ್ಲ.”

ಮುಹೂರ್ತ

ಹುಡುಗಿ ಕೊಡಲು ಒಪ್ಪಿದರು. ಆದರೆ ಮದುವೆ ಮುಂದಿನ ವರ್ಷ ಎಂದರು. ಪುರೋಹಿತರು ಪಂಚಾಂಗ ಬಿಚ್ಚಿ ಕೂತಿದ್ದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ಆ ಲೇಸರ್ ಅಳತೆಯಿಂದಲೇ, ಚಂದ್ರ ವರ್ಷಕ್ಕೆ ಎರಡು ಬೆರಳಗಲ ದೂರ ಸರೀತಿದ್ದಾನೆ ಅಂತ ಗೊತ್ತಾಗಿದೆ ಎಂದುಬಿಟ್ಟೆ. ಪುರೋಹಿತರು ಪಂಚಾಂಗದಿಂದ ತಲೆಯೆತ್ತಿದರು. ಕೆಟ್ಟೆ ಅಂದುಕೊಂಡೆ.

ಮಾವ ಪುರೋಹಿತರ ಕಡೆ ತಿರುಗಿದರು. “ಹಂಗಾದ್ರೆ ವರ್ಷಾ ವರ್ಷಾ ಚಂದ್ರಬಲ ಕಮ್ಮಿ ಆಗ್ತಾ ಬರುತ್ತಲ್ಲ ಸ್ವಾಮಿ? ಈ ತಿಂಗಳೇ ನೋಡಿ.”

ಎರಡು ಬೆರಳಿಗೆಲ್ಲ ಏನೂ ಆಗಲ್ಲ ಎಂದು ಪುರೋಹಿತರು ಗೊಣಗಿದರು. ಆಮೇಲೆ ಅನುಮಾನ ಬಂದು, ಸರಿಯಾಗಿ ಎಷ್ಟು ಅಂತ ನನ್ನನ್ನೇ ಕೇಳಿದರು. ಬಾಗಿಲ ಹಿಂದೆ ಬಳೆ ಸದ್ದಾಯಿತು.

“ಒಂದು ಗೇಣು,” ಎಂದೆ.