ಉಳ್ಳಾಗಡ್ಡಿ ಲಾರಿ ಮಗುಚಿದ ದಿನ

ನಮ್ಮ ಮಾವನಿಗೆ ಇವತ್ತು ಯಾವ ವಾರ ಅಂತ ಗೊತ್ತಿರುವುದಿಲ್ಲ. ಆದರೆ ಇವತ್ತು ಯಾವ ಪ್ರಾಣಿಯ ದಿನ ಅಂತ ಗೊತ್ತಿರುತ್ತದೆ! ಭಾನುವಾರ ಮಂಡಿಯ ಬೀಗ ತೆಗೆದು, ಒಬ್ಬ ಗಿರಾಕಿಯೂ ಯಾಕೆ ಬರಲಿಲ್ಲ ಅಂತ ಹನ್ನೊಂದು ಗಂಟೆಯವರೆಗೆ ಕಾದು ಕೂತ ಮಹಾಶಯ ಇವನು. ಅವತ್ತೂ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ 'ಇಂದು ಗುಬ್ಬಚ್ಚಿಗಳ ದಿನ' ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಓದುವುದಕ್ಕೆ ಬೀದಿಯಲ್ಲಿ ಇದ್ದದ್ದು ಎರಡು ಗುಬ್ಬಿ ಮಾತ್ರ.

ಮಾವ ಅಂದರೆ ನನ್ನ ತಾಯಿಯ ತಮ್ಮ. ಆಂಧ್ರದ ಆದೋನಿಯಲ್ಲಿ ಹತ್ತಿ ವ್ಯಾಪಾರ. ಮಂಡಿಯ ಮುಂದೆ ಕರಿಹಲಗೆ ತೂಗುಹಾಕುವುದು ಹತ್ತಿಯ ದರ ಬರೆಯುವುದಕ್ಕೆ, ಎಲ್ಲರೂ ಅದನ್ನೇ ಮಾಡುತ್ತಾರೆ. ನಮ್ಮ ಮಾವನ ಹಲಗೆಯಲ್ಲಿ ಮೇಲೆ ಇವತ್ತು ಏನು ದಿನ, ನಡುವೆ ಹಿಂದೆ ಇದೇ ದಿನ ಲೋಕದಲ್ಲಿ ಏನೇನಾಯಿತು, ಅದರ ಕೆಳಗೆ ಒಂದು ನಗೆಹನಿ. ಇನ್ನೂ ಜಾಗ ಉಳಿದಿದ್ದರೆ ಹತ್ತಿಯ ದರ. ಉಳಿಯುವುದು ಅಪರೂಪ.

ಒಮ್ಮೆ 'ಪ್ಯಾಂಟಿನ ಜಿಪ್ಪಿಗೆ ಪೇಟೆಂಟ್ ಸಿಕ್ಕ ದಿನ' ಅಂತ ಬರೆದಿದ್ದ. ಹತ್ತಿ ತಂದಿದ್ದ ರೈತನೊಬ್ಬ ಅಕ್ಷರ ಕೂಡಿಸಿಕೊಂಡು ಅದನ್ನು ಓದಿ, ತನ್ನ ಪಂಚೆಯನ್ನು ಒಂದು ಸಲ ನೋಡಿಕೊಂಡು ಕೇಳಿದ: "ಇದಿ ಮಾಕೆಂದುಕು ಸಾಮಿ? ಇದು ನಮಗ್ಯಾಕ? ಹತ್ತಿ ಎಷ್ಟೈತಿ, ಅದನ್ನ ಹೇಳ್ರಿ."

"ಪಂಚಿಗೂ ಒಂದ್ ದಿನ ಬರ್ತೈತಿ, ತಡಿಯಪ್ಪ" ಅಂದ ಮಾವ. ಆ ರೈತ ತಡೆಯಲಿಲ್ಲ, ಪಕ್ಕದ ಮಂಡಿಗೆ ಹೋದ.

ನಗೆಹನಿಗಳ ಕತೆಯೇ ಬೇರೆ. ಅವುಗಳಲ್ಲಿ ಯಾವಾಗಲೂ ಒಬ್ಬ ಪೆದ್ದ ಇರುತ್ತಾನೆ. ಎದುರಿಗೆ ಹತ್ತಿರದ ಹಳ್ಳಿ ಪೆದ್ದಕಡುಬೂರಿನವರು ಕೂತಿದ್ದರೆ ಆ ಪೆದ್ದ ಇನ್ನೊಂದು ಹಳ್ಳಿ ಆಸ್ಪರಿಯವನು, ಆಸ್ಪರಿಯವರು ಕೂತಿದ್ದರೆ ಅವನೇ ಪೆದ್ದಕಡುಬೂರಿನವನು. ಹಲಗೆಯ ಮೇಲೆ ಊರಿನ ಹೆಸರಿನ ಜಾಗ ಖಾಲಿ ಬಿಟ್ಟಿರುತ್ತಾನೆ, ಗಿರಾಕಿ ಬಂದ ಮೇಲೆ ತುಂಬುವುದಕ್ಕೆ. ಒಂದು ದಿನ ಎರಡೂ ಊರಿನವರು ಒಟ್ಟಿಗೆ ಬಂದು ಬೆಂಚಿನ ಮೇಲೆ ಕೂತುಬಿಟ್ಟರು. ಮಾವ ಸೀಮೆಸುಣ್ಣ ಹಿಡಿದುಕೊಂಡು ಒಂದು ನಿಮಿಷ ಒದ್ದಾಡಿದ. ಕೊನೆಗೆ ಶುರು ಮಾಡಿದ: "ನಮ್ಮ ಆದೋನಿಯವನೊಬ್ಬ ಹತ್ತಿ ತಂದ. 'ಇದರಾಗ ಮಣ್ಣು ಭಾಳ ಐತಿ, ಸ್ವಚ್ಛ ಮಾಡ್ಕೊಂಡು ಬಾ' ಅಂದೆ. ನಾಕು ದಿನ ಬಿಟ್ಟು ಬಂದ, ಹತ್ತಿ ಅಂಡಿಗಿ ಚೀಲದಾಗಿಂದ ನೀರು ಸೋರಾಕ ಹತ್ತೈತಿ. 'ಏನಪ್ಪಾ ಇದು' ಅಂದ್ರ, 'ಎರಡ್ ಸಲ ತೊಳ್ದು ಹಿಂಡಿ ತಂದೀನ್ರಿ, ಇನ್ನೇನ್ ಮಣ್ಣಿಲ್ಲ' ಅಂದ." ಎರಡೂ ಊರಿನವರು ಬಿದ್ದು ಬಿದ್ದು ನಕ್ಕರು. ಆದೋನಿ ಪೇಟೆಯಲ್ಲಿ ಹತ್ತಿ ಬೆಳೆಯುವವರು ಯಾರು ಅಂತ ಒಬ್ಬರೂ ಕೇಳಲಿಲ್ಲ.

ಇವನನ್ನು ಮದುವೆಗೆ ಕರೆಯುವುದು ಕೆಂಡ ಸೆರಗಿಗೆ ಕಟ್ಟಿಕೊಂಡ ಹಾಗೆ. ನಮ್ಮ ಬಳಗದ ಒಂದು ಮದುವೆಯಲ್ಲಿ, ತಾಳಿ ಕಟ್ಟುವುದಕ್ಕೆ ಹತ್ತು ನಿಮಿಷ ಇರುವಾಗ, ಹುಡುಗನ ತಂದೆಯ ಕೈ ಹಿಡಿದುಕೊಂಡು "ಇವತ್ತು ಎಂಥಾ ದಿನ ಗೊತ್ತೇನ್ರಿ? ಭಾರಿ ಹಡಗೊಂದು ಮುಳುಗಿದ ದಿನ" ಅಂದ. ಆದೋನಿಗೂ ಹಡಗಿಗೂ ಏನು ಸಂಬಂಧ? ಇಲ್ಲಿ ಸ್ನಾನಕ್ಕೆ ನೀರು ಸಿಕ್ಕರೆ ಪುಣ್ಯ! ಆದರೆ ಬೀಗರ ಮುಖ ಬಾಡಿತು. ಮದುವೆ ಮಾಡಿಸುತ್ತಿದ್ದ ಅಯ್ಯನವರು ಯಾತಕ್ಕೂ ಇರಲಿ ಅಂತ ಇನ್ನೊಂದು ತೆಂಗಿನಕಾಯಿ ಒಡೆಸಿದರು.

ಇಷ್ಟೆಲ್ಲ ಅಧ್ವಾನ ಮಾಡುವ ಮನುಷ್ಯನಿಗೆ ಒಂದು ನಿಯಮ ಇದೆ. ನಗೆಹನಿಯಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ತಾರೀಕಿನಲ್ಲಿ ಹೇಳಬಾರದು. ಎರಡು ಕಡೆ ಓದಿ ತಾಳೆ ನೋಡದೆ ಒಂದಕ್ಷರ ಬರೆಯುವುದಿಲ್ಲ. ಪಕ್ಕದ ಮಂಡಿಯ ಯಜಮಾನ ತನ್ನ ಮಗನ ಅಂಗಡಿ ಶುರುವಾದ ದಿನವನ್ನು ಹಲಗೆಯಲ್ಲಿ ಹಾಕು ಅಂತ ಡಬ್ಬಿ ಪೇಡಾ ತಂದುಕೊಟ್ಟ. ಮಾವ ಪೇಡಾ ತಿಂದ, ಬರೆಯಲಿಲ್ಲ. ಒಂದು ಸಲ ಮಾತ್ರ ಲೆಕ್ಕ ತಪ್ಪಿತ್ತು. ಮರುದಿನ ಹಲಗೆ ತುಂಬಾ ಹೀಗಿತ್ತು: 'ಕಪ್ಪೆಗಳ ದಿನ ನಿನ್ನೆ ಅಂತ ಬರೆದದ್ದು ತಪ್ಪು. ಕಪ್ಪೆಗಳ ದಿನ ಇವತ್ತು. ಕ್ಷಮೆ ಇರಲಿ.' ಕ್ಷಮೆ ಕೇಳಿದ್ದು ರೈತರನ್ನೋ ಕಪ್ಪೆಗಳನ್ನೋ ನನಗೆ ಈವರೆಗೂ ತಿಳಿದಿಲ್ಲ.

ಹೀಗೇ ಒಂದು ಸಲ ಕತ್ತೆಗಳ ದಿನ ಬಂತು. ಮಾರ್ಕೆಟ್ ಯಾರ್ಡಿನ ಗೇಟಿನ ಹತ್ತಿರ ನಿಲ್ಲುವ ಒಂದು ಕತ್ತೆಯನ್ನು ಮಾವ ಮನೆಯ ಮುಂದಕ್ಕೇ ಹಿಡಿದು ತಂದ. ಚೆಂಡುಹೂವಿನ ಹಾರ ಹಾಕಿದ. ಕತ್ತೆ ಹಾರವನ್ನು ತಿಂದು ಮುಗಿಸಿ, ಮಾವನ ಹೆಗಲ ಮೇಲಿನ ಟವೆಲ್ಲಿಗೆ ಬಾಯಿ ಹಾಕಿತು. ನಾವೆಲ್ಲ ನಗುತ್ತಿದ್ದೆವು. ಬಾಗಿಲಲ್ಲಿ ನಿಂತಿದ್ದ ಅತ್ತೆಯೂ ನಕ್ಕಳು. ನಕ್ಕು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಕತ್ತಿಗೂ ಒಂದ್ ದಿನ ಐತಿ. ನನಗ ಇಲ್ಲ ನೋಡು" ಅಂದಳು.

ಅವಳು ತಮಾಷೆಗೇ ಅಂದದ್ದು. ಮಾವ ಟವೆಲ್ಲು ಬಿಡಿಸಿಕೊಳ್ಳುವುದನ್ನು ನಿಲ್ಲಿಸಿದ.

ಅತ್ತೆಯ ತವರು ಪೆದ್ದಕಡುಬೂರು. ನಾಲ್ಕು ಹೆಣ್ಣುಮಕ್ಕಳಲ್ಲಿ ಕೊನೆಯವಳು. ಆಧಾರ್ ಕಾರ್ಡಿನಲ್ಲಿ ಅವಳ ಹುಟ್ಟಿದ ದಿನ ಜುಲೈ ಒಂದು ಅಂತ ಇದೆ. ಹಾಗೆ ನೋಡಿದರೆ ಅರ್ಧ ಪೆದ್ದಕಡುಬೂರು ಹುಟ್ಟಿದ್ದೇ ಜುಲೈ ಒಂದಕ್ಕೆ! ಮಕ್ಕಳನ್ನು ಶಾಲೆಗೆ ಸೇರಿಸುವಾಗ ತಾರೀಕು ಯಾರಿಗೂ ಗೊತ್ತಿರುತ್ತಿರಲಿಲ್ಲ, ಮೇಷ್ಟ್ರು ಎಲ್ಲರಿಗೂ ಒಂದೇ ಬರೆದರು. "ಅದು ಈಕಿ ಹುಟ್ಟಿದ ದಿನ ಅಲ್ಲ. ಹೆಡ್‌ಮಾಸ್ತರಿಗೆ ಬ್ಯಾಸರ ಆದ ದಿನ" ಅಂತ ಮಾವನ ತೀರ್ಮಾನ. ಹಲಗೆಯಲ್ಲಿ ಅದನ್ನು ಹಾಕಲು ಅವನ ನಿಯಮ ಒಪ್ಪಲಿಲ್ಲ.

ಆದರೆ ಅತ್ತೆಯ ಹತ್ತಿರ ಒಂದು ಸುಳಿವು ಇತ್ತು. ಅದನ್ನು ಹೇಳುವಾಗ ಅವಳ ಮುಖ ನೋಡಬೇಕು. "ನಾ ಹುಟ್ಟಿದ ದಿನ ನಮ್ಮೂರಾಗ ಉಳ್ಳಾಗಡ್ಡಿ ಲಾರಿ ಪಲ್ಟಿ ಹೊಡೀತಂತ. ಊರ ಮಂದಿ ಎಲ್ಲಾ ಉಡ್ಯಾಗ ತುಂಬ್ಕೊಂಡು ಬಂದ್ರಂತ. ಸೂಲಗಿತ್ತಿನೂ ಮೊದ್ಲ ಉಳ್ಳಾಗಡ್ಡಿ ಆರಿಸ್ಕೊಂಡ ಮ್ಯಾಲನ ನಮ್ಮನಿಗೆ ಬಂದ್ಳಂತ. ಮನಿಮನಿಯಾಗ ಬಜ್ಜಿ. ಅವ್ವ ಹೇಳ್ತಿದ್ಳು, ನೀ ಹುಟ್ಟಿದಿ ಅಂತ ಊರಿಗೂರ ಹಬ್ಬ ಮಾಡೇತಿ ಅಂತ." ಅವಳ ಅವ್ವ ತೀರಿಕೊಂಡು ಬಹಳ ವರ್ಷ ಆಗಿದೆ. ಅಕ್ಕಂದಿರೂ ಇಲ್ಲ. ಉಳಿದದ್ದು ಲಾರಿ ಒಂದೇ.

ಲಾರಿ ಮಗುಚಿದ್ದು ಗೊತ್ತಾದರೆ ತಾರೀಕು ಗೊತ್ತಾಗುತ್ತದೆ! ಮಾವ ಸೊಂಟ ಕಟ್ಟಿದ. ನನ್ನ ಬೈಕು, ನನ್ನ ಪೆಟ್ರೋಲು, ನನ್ನ ಭಾನುವಾರಗಳು ಅವನ ಪಾಲಾದವು. ಮೊದಲು ಪೊಲೀಸ್ ಠಾಣೆಗೆ ಹೋದೆವು. ಅಲ್ಲಿದ್ದ ಪೇದೆ ಪಾಪ ಒಳ್ಳೆಯವನು, ಕಾಗದ ಪೆನ್ನು ತೆಗೆದುಕೊಂಡೇ ಕೇಳಿದ.

"ಲಾರಿ ಪಲ್ಟೀನಾ? ಯಾರಿಗೆ ಏನಾಗೇತಿ?"

"ಯಾರಿಗೂ ಏನೂ ಆಗಿಲ್ರಿ. ನನ್ನ ಹೆಂಡ್ತಿ ಹುಟ್ಟ್ಯಾಳ."

ಪೇದೆ ಪೆನ್ನಿನ ಮುಚ್ಚಳ ಹಾಕಿದ.

ಆಮೇಲೆ ಪೆದ್ದಕಡುಬೂರಿನ ಕಟ್ಟೆ. ಅಲ್ಲಿ ಲಾರಿ ನೆನಪಿಲ್ಲದವರೇ ಇರಲಿಲ್ಲ! ಒಬ್ಬ ಅದು ಉಳ್ಳಾಗಡ್ಡಿ ಅಲ್ಲ, ಶೇಂಗಾ ಅಂದ. ಇನ್ನೊಬ್ಬ ಲಾರಿ ಅಲ್ಲ, ಟ್ರ್ಯಾಕ್ಟರು ಅಂದ. ಮೂರನೆಯವನು ಮಾವನ ಕಿವಿಯ ಹತ್ತಿರ ಬಂದು, "ಅದು ತಾನಾಗೇ ಬಿದ್ದಿದ್ದಲ್ರಿ ಅಣ್ಣಾ, ನಾವ ಹುಡುಗ್ರು ಕೂಡಿ ಕಲ್ಲಿಟ್ಟು ಕೆಡವಿದ್ವಿ. ಯಾರಿಗೂ ಹೇಳಬ್ಯಾಡ್ರಿ" ಅಂದ.

"ನಿನಗೆಷ್ಟು ವಯಸ್ಸು?"

"ಐವತ್ತು."

"ನನ್ನ ಹೆಂಡ್ತಿ ನಿನಗಿಂತ ಹತ್ತು ವರ್ಷ ದೊಡ್ಡಾಕಿ. ನೀ ಹುಟ್ಟೂಕಿಂತ ಮೊದ್ಲ ಕಲ್ಲಿಟ್ಟಿಯೇನು?" ಅಂತ ಮಾವ ಅವನ ಹೆಸರನ್ನು ನೋಟ್‌ಬುಕ್ಕಿನ ಸಾಕ್ಷಿಗಳ ಪಟ್ಟಿಯಿಂದ ಹೊಡೆದುಹಾಕಿದ.

ಪ್ರತಿ ಸಲ ಮನೆಗೆ ಬಂದಾಗ ಅತ್ತೆ ಎದುರಾಗುತ್ತಿದ್ದಳು. "ಈ ವಯಸ್ಸಿನಾಗ ಲಾರಿ ಹಿಂದ ಓಡ್ತಾರ, ನಾಯಿ ಓಡ್ದಂಗ" ಅಂತ ಬೈಯುತ್ತಿದ್ದಳು. ಬೈದು ಮುಗಿಸಿ, ಬೇರೆ ಕಡೆ ನೋಡುತ್ತಾ, "ಸಿಕ್ತೇನ್ರಿ?" ಅಂತ ಕೇಳುತ್ತಿದ್ದಳು. ಸಿಕ್ಕಿಲ್ಲ ಅಂದರೆ "ಹೋಗ್ಲಿ ಬಿಡ್ರಿ" ಅನ್ನುತ್ತಿದ್ದಳು. ಆ 'ಹೋಗ್ಲಿ ಬಿಡ್ರಿ' ಪ್ರತಿ ವಾರ ಸ್ವಲ್ಪ ಸಣ್ಣದಾಗುತ್ತಿತ್ತು. ಅದನ್ನು ಕೇಳುವುದು ನನಗೂ ಕಷ್ಟವಾಗತೊಡಗಿತು.

ಕೊನೆಗೆ ಯಾರೋ ಹೇಳಿದರು: ಅತ್ತೆಯ ತವರುಮನೆಯ ಗೋಡೆಗೆ ಗೋಡೆ ಹಚ್ಚಿದ ಮನೆಯ ಅಜ್ಜಿ ಇನ್ನೂ ಬದುಕಿದ್ದಾಳೆ, ದೇವನಕೊಂಡದಲ್ಲಿ ಮಗಳ ಮನೆಯಲ್ಲಿ ಇದ್ದಾಳೆ. ಹೋದೆವು. ಅಜ್ಜಿ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಕಣ್ಣು ಮಂಜು, ನಾಲಿಗೆ ಚುರುಕು. ಮಾವ ನೋಟ್‌ಬುಕ್ಕು ತೆರೆದು ಲಾರಿಯ ವಿಷಯ ಎತ್ತಿದ.

"ಯಾವ ಲಾರಿ?" ಅಂದಳು ಅಜ್ಜಿ. "ಅವಾಗ ನಮ್ಮೂರಿಗೆ ದಾರೀನ ಇದ್ದಿಲ್ಲ. ಎತ್ತಿನ ಬಂಡಿ ಬರಾದ ಕಷ್ಟ ಇತ್ತು. ಲಾರಿ ಎಲ್ಲಿಂದ ಬರಬೇಕಪ್ಪಾ?"

"ಮತ್ತ ಉಳ್ಳಾಗಡ್ಡಿ?"

ಅಜ್ಜಿ ಸುಲಿದ ಕಾಳನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು. "ನಾಕನೇದೂ ಹೆಣ್ಣು ಅಂದಕೂಡ್ಲೆ ಆ ಹುಡುಗಿ ಅಪ್ಪ ಹೊಲಕ್ಕ ಹೋಗ್ಬಿಟ್ಟ. ಹಡೆದಾಕಿ ಅತ್ತಿ ಮಕ ಹೊಳ್ಳಿಸ್ಕೊಂಡು ಮಲಗಿದ್ಳು. ಅವತ್ತು ಆ ಮನ್ಯಾಗ ಒಲಿ ಹಚ್ಲಿಲ್ಲಪ್ಪ. ಹಡೆದಾಕಿಗೆ ನಾನ ಒಂದ್ ತಂಬಿಗಿ ಗಂಜಿ ಒಯ್ದು ಕೊಟ್ಟೆ. ತಾರೀಕು ಯಾರು ಬರ್ದಿಟ್ಟಾರು? ಮುಂದ ಕೂಸು ದೊಡ್ಡದಾತು. ಅಕ್ಕಂದಿರು 'ನೀ ಹುಟ್ಟಿದಾಗ ಯಾರೂ ಸಕ್ಕರಿ ಹಂಚಲಿಲ್ಲ' ಅಂತ ಕಾಡಿಸಿದ್ರು. ಅದು ಅಳ್ಕೋತ ಬಂದು ಅವರವ್ವನ್ನ ಕೇಳ್ತು, ನಾ ಹುಟ್ಟಿದ ದಿನ ಏನ್ ಮಾಡಿದ್ರಿ ಅಂತ. ಅವರವ್ವ ಉಳ್ಳಾಗಡ್ಡಿ ಹೆಚ್ಚಾಕ ಹತ್ತಿದ್ಳು. ಕೈಯಾಗಿದ್ದದ್ದನ್ನ ನೋಡ್ಕೋತ ಕತಿ ಕಟ್ಟಿದ್ಳು. ನಾ ಅಲ್ಲೇ ಕುಂತಿದ್ದೆ. ಲಾರಿ ಅಂದಾಗ ನನಗ ನಗು ಬಂತು. ನಗಲಿಲ್ಲ."

ಮಾವ ನೋಟ್‌ಬುಕ್ಕು ಮುಚ್ಚಿದ. ಬರುವಾಗ ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಹಿಂದಿರುಗುವ ದಾರಿಯಲ್ಲಿ ಆಸ್ಪರಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಆಸ್ಪರಿಯಲ್ಲಿ ನಿಂತು ಮಾವ ಪೆದ್ದಕಡುಬೂರಿನ ಪೆದ್ದನ ಕತೆ ಹೇಳದೆ ಚಹಾ ಕುಡಿದದ್ದು ಅದೇ ಮೊದಲು. ನನಗೆ ಹೆದರಿಕೆ ಶುರುವಾಯಿತು. ಇವನು ಕಪ್ಪೆಗಳ ವಿಷಯದಲ್ಲೇ ಸುಳ್ಳು ಹೇಳದ ಮನುಷ್ಯ. ಈಗ ಮನೆಗೆ ಹೋಗಿ, ಎರಡು ಕಡೆ ತಾಳೆ ನೋಡಿದೆ, ಲಾರಿಯೇ ಇರಲಿಲ್ಲ ಅಂದುಬಿಟ್ಟರೆ? "ಮಾವ, ಅತ್ತೆಗೆ ಏನ್ ಹೇಳ್ತಿ?" ಅಂತ ಕೇಳಿದೆ. "ಗಾಡಿ ನೋಡ್ಕೊಂಡು ಹೊಡಿ" ಅಂದ.

ಅತ್ತೆ ಪಡಸಾಲೆಯಲ್ಲಿ ಮೊರದ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು. ಅವತ್ತು ಬೈಯಲಿಲ್ಲ.

"ಸಿಕ್ತೇನ್ರಿ?"

"ಸಿಕ್ತು" ಅಂದ ಮಾವ. "ನಾಳೆ."

"ನಾಳೇನಾ?" ಮೊರದ ಮೇಲಿನ ಕೈ ನಿಂತಿತು. ತಾರೀಕು ಸಿಕ್ಕಿದ್ದಕ್ಕೆ ಅವಳು ಸಂತೋಷಪಡುತ್ತಾಳೆ ಅಂತ ನಾನು ಎಣಿಸಿದ್ದೆ. ಅವಳು ತಲೆ ಎತ್ತದೆ, ತೀರಾ ಮೆಲ್ಲಗೆ ಕೇಳಿದಳು. "ಲಾರಿ ಬಿದ್ದಿದ್ದು ಖರೇನಾ ಹಂಗಾರ?" ಇಷ್ಟು ದಿನ ಅವಳು ಕೇಳುತ್ತಿದ್ದದ್ದು ಇದನ್ನೇ ಅಂತ ನನಗೆ ಆಗ ತಿಳಿಯಿತು. ಮಾವನಿಗೆ ಮೊದಲೇ ತಿಳಿದಿತ್ತು ಅಂತ ಕಾಣುತ್ತದೆ.

"ಒಂದಲ್ಲಲೇ" ಅಂದ. "ಎರಡು."

"ಎರಡಾ? ಅವ್ವ ಒಂದ ಅಂತಿದ್ಳಲ್ರಿ."

"ಹಸಿ ಬಾಣಂತಿ, ಒಳಗ ಮಲಗಿದ್ದಾಕಿ. ಬೀದಿಗೆ ಬಂದು ಎಣಿಸಾಕ ಆಗ್ತೈತೇನು?"

ಅತ್ತೆ ನಕ್ಕಳು. ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು. ನಾನು ತಲೆ ಬಗ್ಗಿಸಿ ಬೂಟಿನ ದಾರ ಬಿಚ್ಚುತ್ತಾ ಬಹಳ ಹೊತ್ತು ಕೂತೆ. ಅವತ್ತು ನಾನು ಹಾಕಿಕೊಂಡಿದ್ದದ್ದು ಚಪ್ಪಲಿ.