ಎಲೈ ಯಂತ್ರವೇ!

ಗಂಡಸರು ಹೆಂಡತಿಗೆ ಹೆದರುವುದು ಲೋಕರೂಢಿ. ಆದರೆ ನಾನು ಈಚೆಗೆ ರೊಟ್ಟಿಗೂ ಹೆದರತೊಡಗಿದ್ದೆ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ರೊಟ್ಟಿ, ಸಂಜೆ ಚಹಾದಲ್ಲಿ ಮುರಿದು ಹಾಕಿದ ರೊಟ್ಟಿ!

ನನ್ನಾಕೆ ಭಾಗ್ಯಜ್ಯೋತಿ ಇಂಡಿ ಊರಿನಲ್ಲಿ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಅದಕ್ಕೊಂದು ವೆಬ್‌ಸೈಟ್ ಕಟ್ಟಿಕೊಟ್ಟವನು ನಾನು (ಈ ಮನೆಯಲ್ಲಿ ನನ್ನ ಏಕೈಕ ಸಾಧನೆ). ಅಲ್ಲಿ ಬಾಟ್‌ಗಳು, ಅಂದರೆ ಮನುಷ್ಯರಂತೆ ನಟಿಸಿ ಫಾರ್ಮ್ ತುಂಬುವ ಕಳ್ಳ ಪ್ರೋಗ್ರಾಮ್‌ಗಳು, ನುಗ್ಗಿದವು. ಝಡ್. ಕ್ಯೂ. ಎಕ್ಸ್. ಎಂಬ ಹೆಸರಿನಲ್ಲಿ ಬಸವನ ಬಾಗೇವಾಡಿಯಿಂದ ಭಾರಿ ಆರ್ಡರ್ ಬಂತು.

"ಇಷ್ಟ ಇನಿಷಿಯಲ್ ಅದಾವಂದ್ರ ಯಾರೋ ದೊಡ್ಡ ಸಾಹೇಬ್ರ ಇರಬೇಕು, ಬಡಿ ರೊಟ್ಟಿ!" ಎಂದು ಹುರಿದುಂಬಿಸಿದೆ. ಸಾಹೇಬರು ಸಿಗದೆ ರೊಟ್ಟಿ ಹೋದ ಬಸ್ಸಿನಲ್ಲೇ ಮರಳಿ ಬಂತು. ಅದನ್ನೇ ನಾನು ತಿನ್ನುತ್ತಿದ್ದದ್ದು.

"ಇನ್ನೊಮ್ಮೆ ಹಿಂಗಾದ್ರ ವೆಬ್‌ಸೈಟಿಗೆ ಕೀಲಿ ಹಾಕ್ತೇನಿ, ನಿಮ್ಮನ್ನ ಕಾದ ಹಂಚಿನ ಮ್ಯಾಲ ಕೂಡಸ್ತೇನಿ," ಎಂದಳು.

ಗಿರಾಕಿ ಮನುಷ್ಯನೋ ಯಂತ್ರವೋ ಎಂದು ಪರೀಕ್ಷಿಸುವ ಕ್ಯಾಪ್ಚಾ ತಂದು ಕೂಡಿಸಿದೆ. ಚಿತ್ರ ತೋರಿಸಿ ಬಸ್ಸು ಹುಡುಕಿಸುವಂಥದ್ದು. ಅದಕ್ಕೆ ಗಿರಾಕಿಯ ಫೋನಿನೊಳಗೇ ಓಡುವ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮ್ ಬೇಕೇ ಬೇಕಂತೆ. ಮುದ್ದೇಬಿಹಾಳದ ಸೈದಾಬಿಯವರ ಹಳೇ ಫೋನಿನಲ್ಲಿ ಅದು ನಡೆಯದೆ ಪುಟವೆಲ್ಲ ಬೆಳ್ಳಗಾಯಿತು. ಮಗಳ ಮದುವೆಯ ರೊಟ್ಟಿಯನ್ನೆಲ್ಲ ನಮಗೇ ಹೇಳುತ್ತೇನೆಂದು ಮಾತು ಕೊಟ್ಟಿದ್ದವರು ಅವರು!

"ಮದ್ವಿ ಆರ್ಡರ್ ಕೈಬಿಟ್ಟು ಹೋತಂದ್ರ ನೋಡ್ರಿ ಮತ್ತ!" ಎಂದಳು ಭಾಗ್ಯಜ್ಯೋತಿ.

ಆಗ ನನಗೆ ಜ್ಞಾನೋದಯವಾಯಿತು. ಜಾವಾಸ್ಕ್ರಿಪ್ಟ್ ಯಾಕೆ ಬೇಕು? ಫಾರ್ಮಿನ ಕೊನೆಗೆ ಅಚ್ಚಕನ್ನಡದ ಒಂದೇ ಪ್ರಶ್ನೆ ಸಾಕು. ಉತ್ತರದ ತಪಾಸಣೆ ನಮ್ಮ ಸರ್ವರಿನಲ್ಲೇ ಆಗುತ್ತದೆ, ಎಂಥ ಮುದಿ ಫೋನಿಗೂ ಶ್ರಮವಿಲ್ಲ. ಪ್ರಶ್ನೆ: 'ಹಂಚಿನ ಮೇಲಿನ ಜೋಳದ ರೊಟ್ಟಿಗೆ ಏನು ಸವರುತ್ತಾರೆ?' ಉತ್ತರವನ್ನೂ ನಾನೇ ಬರೆದಿಟ್ಟೆ. ತಪ್ಪಿದವರಿಗೆ ಒಂದು ಸಿಂಹಗರ್ಜನೆ: 'ಎಲೈ ಯಂತ್ರವೇ, ನಿನ್ನ ಆಟ ಇಲ್ಲಿ ನಡೆಯದು!'

ಅಂದಿನಿಂದ ಒಂದೂ ಸುಳ್ಳು ಆರ್ಡರ್ ಬರಲಿಲ್ಲ. (ನಿಜದ್ದೂ ಬರಲಿಲ್ಲ. ವಿಜಯೋತ್ಸಾಹದಲ್ಲಿ ಅದನ್ನು ಗಮನಿಸಲಿಲ್ಲ.) ಮೀಸೆ ತಿರುವುತ್ತ ಕೂತಿದ್ದಾಗ ಸೈದಾಬಿಯವರ ಫೋನು ಬಂತು.

"ಏನ್ರಿ ಅಣ್ಣಾರ, ನಾ ಯಂತ್ರ ಏನ್ರಿ? 'ನೀರು' ಅಂತ ಬರದ್ರ ಎಲೈ ಅಂತೈತಿ! ನಮ್ಮ ಓಣಿ ಹೆಣ್ಮಕ್ಕಳೆಲ್ಲಾ ಬರದು ನೋಡ್ಯಾರ. ಎಲ್ಲಾರೂ ಯಂತ್ರನ!"

ಭಾಗ್ಯಜ್ಯೋತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನೀವೇನ್ ಉತ್ತರ ಇಟ್ಟೀರಿ?"

"ಎಣ್ಣಿ..."

"ಅಯ್ಯ ಶಿವನ! ಅದು ಚಪಾತಿಗ್ರಿ! ಹುಟ್ಟಿದಾಗಿಂದ ರೊಟ್ಟಿ ತಿಂತೀರಿ, ಒಂದಿನಾನೂ ಹಂಚಿನ ಕಡೆ ನೋಡಿಲ್ಲೇನು?"

"ತಾಟಿನ ಕಡೆ ನೋಡೇನಿ," ಎಂದೆ.

ಎಣ್ಣೆ ತೆಗೆದು ನೀರು ಹಾಕಿದ್ದೇ ತಡ, ಸಿಂದಗಿಯಿಂದ, ಬಾಗೇವಾಡಿಯಿಂದ ಆರ್ಡರ್‌ಗಳ ಸುರಿಮಳೆ! ಸೈದಾಬಿಯವರ ಮದುವೆಯ ಆರ್ಡರೂ ಬಂತು. ಬಾಟ್‌ಗಳು ಮಾತ್ರ ಬಾಗಿಲಾಚೆಯೇ ಉಳಿದವು. ಪ್ರಶ್ನೆ ಬದಲಿಸುವ ಅಧಿಕಾರವನ್ನು ಆಕೆ ಕಿತ್ತುಕೊಂಡರೂ ನನ್ನ ಎದೆ ಉಬ್ಬಿಯೇ ಇತ್ತು. ಜಗತ್ತಿನ ಕಳ್ಳ ಯಂತ್ರಗಳನ್ನೆಲ್ಲ ಇಂಡಿಯ ಒಂದು ಅಡುಗೆಮನೆ ತಡೆದಿತ್ತಲ್ಲ!

ಮದುವೆಯ ರೊಟ್ಟಿ ಕಟ್ಟುತ್ತಿದ್ದ ದಿನ ಹಸಿವು ತಡೆಯದೆ ಬುಟ್ಟಿಗೆ ಕೈ ಹಾಕಿದೆ.

"ಕೈ ತಗೀರಿ! ಆರ್ಡರ್ ಹಾಕಿದವ್ರಿಗಷ್ಟ ರೊಟ್ಟಿ."

ಅಲ್ಲೇ ನಿಂತು ಗತ್ತಿನಿಂದ ಫೋನು ತೆರೆದೆ. ಹೊಸ ಪ್ರಶ್ನೆ ಕಾದಿತ್ತು: 'ಜೋಳದ ಹಿಟ್ಟು ನಾದಲು ಹಾಕುವ ನೀರು ಹೇಗಿರಬೇಕು?' ಇಷ್ಟೇನಾ! 'ತಣ್ಣಗೆ' ಎಂದು ಬರೆದು ಒತ್ತಿದೆ.

'ಎಲೈ ಯಂತ್ರವೇ, ನಿನ್ನ ಆಟ ಇಲ್ಲಿ ನಡೆಯದು!'

ಪಕ್ಕದ ಒಲೆಯ ಮೇಲೆ ಹಿಟ್ಟಿಗೆಂದು ಇಟ್ಟ ನೀರು ಕೊತಕೊತ ಕುದಿಯುತ್ತಿತ್ತು. ಭಾಗ್ಯಜ್ಯೋತಿ ನನ್ನ ಫೋನಿನಲ್ಲಿ ಇಣುಕಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು:

"ಪಾಪ, ಬಾಟಿಗೂ ಹಸಿವಿ ಆಗ್ತೈತೇನ್ರಿ?"