ಕಪಾಟಿನೊಳಗಿನ ನಿಶ್ಶಬ್ದ

ಭಜನಾ ಮಂಡಳಿಯ ವಾಟ್ಸಾಪ್ ಗುಂಪಿಗೆ ಆ ಭಾನುವಾರ ಬೆಳಿಗ್ಗೆ ಒಂದು ಸಂದೇಶ ಬಾರದೆ ಇದ್ದಿದ್ದರೆ, ಹರಿಶ್ಚಂದ್ರ ಬಂಗುಡೆ ಸಾರಿನಲ್ಲಿ ಊಟ ಮುಗಿಸಿ ಸುಖವಾಗಿ ಮಲಗುತ್ತಿದ್ದ. ಸಂದೇಶ ಸಾನಪಾಡಾದ ಒಂದು ಕಂಪೆನಿಯದು. ಕೋಟೆ, ಗುಹೆ ನೋಡಲು ಬರುವವರು ಕಿವಿಗೆ ಸಿಕ್ಕಿಸಿಕೊಂಡು ಕೇಳುವ ವಿವರಣೆಗೆ ಒಂದು ಕನ್ನಡ ದನಿ ಬೇಕಂತೆ. ಕೊಟ್ಟ ಸಾಲುಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಸಂಜೆ ಆರರೊಳಗೆ ಕಳಿಸಬೇಕು. ಆಯ್ಕೆಯಾದವರು ಮುಂದೆಯೂ ಮನೆಯಿಂದಲೇ ಹೇಳಿ ಕಳಿಸಿದರಾಯಿತು.

ಹರಿಶ್ಚಂದ್ರ ಅದನ್ನು ಮತ್ತೆ ಮತ್ತೆ ಓದಿದ. ಕಲ್ವಾದ ಸಾಗಾಣಿಕೆ ಕಂಪೆನಿಯೊಂದರಲ್ಲಿ ಅವನು ಬಿಲ್ಲು ಬರೆಯುವವನು. ಅಲ್ಲಿ ದಿನವಿಡೀ ಅವನ ಬಾಯಿಂದ ಬರುವುದು ‘ಹೂಂ’ ಒಂದೇ. ಆದರೆ ಶನಿವಾರ ಸಂಜೆ ಡೊಂಬಿವಲಿಯ ಮಂಡಳಿಯಲ್ಲಿ ಅವನದೇ ಮೊದಲ ದನಿ. ಅವನು ಒಂದು ಸಾಲು ಹೇಳುತ್ತಾನೆ, ಉಳಿದವರೆಲ್ಲ ಅದನ್ನೇ ತಿರುಗಿ ಹೇಳುತ್ತಾರೆ, ಅವರು ಮುಗಿಸುವವರೆಗೆ ಅವನು ಕಣ್ಣು ಮುಚ್ಚಿ ಕಾಯುತ್ತಾನೆ. ಇಪ್ಪತ್ತು ವರ್ಷದಿಂದ ಹೀಗೆ. ತನ್ನ ದನಿಯನ್ನು ಒಮ್ಮೆಯಾದರೂ ಯಾರಾದರೂ ತಿರುಗಿ ಹೇಳದೆ, ಸುಮ್ಮನೆ ಕೇಳಬೇಕು ಎಂಬ ಆಸೆ ಅವನಿಗಿತ್ತು. ಹೆಂಡತಿ ವಿಮಲಾಳಿಗೂ ಅದನ್ನು ಹೇಳಿರಲಿಲ್ಲ.

ಮಗಳು ಪ್ರೇಕ್ಷಾ ಕ್ಲಾಸಿಗೆ ಹೊರಟು ನಿಂತಿದ್ದಳು. “ಪಪ್ಪಾ, ಮೊಬೈಲ್ ಸೆ ನಹೀ ಚಲೇಗಾ. ಆಡಿಯೋ ಇಂಟರ್ಫೇಸ್ ಲೇಲೋ,” ಎಂದಳು. ಮೈಕಿನ ದನಿಯನ್ನು ಕಂಪ್ಯೂಟರಿಗೆ ಶುದ್ಧವಾಗಿ ಮುಟ್ಟಿಸುವ ಚಿಕ್ಕ ಪೆಟ್ಟಿಗೆ ಅದು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ಹೇಳಿದ್ದು ಆ ಕ್ಷಣವೇ ಕಿವಿಗೆ ಕೇಳುವಂಥದ್ದನ್ನೇ ತರಬೇಕೆಂದು ಇನ್ನೊಂದು ಮಾತು ಸೇರಿಸಿದಳು: “ಡೈರೆಕ್ಟ್ ಸುನಾಯಿ ದೇನೇವಾಲಾ ಲೇನಾ. ನಹೀ ತೋ ಅಪ್ನಾ ಆವಾಜ್ ಲೇಟ್ ಆಯೇಗಾ.”

ದೀಪಾವಳಿಯ ಬೋನಸ್ ಇನ್ನೂ ಬ್ಯಾಂಕಿನಲ್ಲೇ ಇತ್ತು. ಹರಿಶ್ಚಂದ್ರ ಮೆಟ್ಟಿಲಿಳಿದ. ಕೆಳಗೆ ಮುಂಡಪ್ಪ ಸಿಕ್ಕಿದ.

ಮುಂಡಪ್ಪ ಸೊಸೈಟಿಯ ಸೆಕ್ರೆಟರಿ. ಭಜನೆಯಲ್ಲಿ ಕೊನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವನು. ಯಾರಾದರೂ ಏನಾದರೂ ಕೊಳ್ಳಲು ಹೊರಟರೆ, ಇರುವೆಗೆ ಸಕ್ಕರೆಯ ಸುದ್ದಿ ತಿಳಿದಂತೆ ಅವನಿಗೆ ತಿಳಿಯುತ್ತಿತ್ತು.

“ಎಲ್ಲಿಗೆ ಹರಿ?”

“ಠಾಣೆಗೆ ಮುಂಡಪ್ಪಣ್ಣ. ಒಂದು ಸಣ್ಣ ಸಾಮಾನು.”

“ಸಣ್ಣ ಸಾಮಾನಿಗೆ ಠಾಣೆಯವರೆಗೆ ಯಾರು ಹೋಗ್ತಾರೆ ಮಾರಾಯ? ನಿಲ್ಲು, ನಾನೂ ಬರ್ತೇನೆ.”

ಲೋಕಲ್ ರೈಲು ಮುಂಬ್ರಾ ದಾಟುವಷ್ಟರಲ್ಲಿ ಮುಂಡಪ್ಪ ಅವನಿಂದ ಎಲ್ಲ ವಿಷಯ ಹೊರಗೆಳೆದಿದ್ದ. ಗುಂಪಿನ ಸಂದೇಶವನ್ನು ಅವನೂ ಓದಿದ್ದ. ಹೇಳಬೇಕಾದ ಸಾಲುಗಳನ್ನು ಬೋಗಿಯಲ್ಲೇ ಒಮ್ಮೆ ಓದಿಯೂ ತೋರಿಸಿದ. ಪಕ್ಕದಲ್ಲಿ ನಿದ್ದೆ ಹೋಗಿದ್ದ ಒಬ್ಬರು ಎದ್ದು, ತಮ್ಮ ಸ್ಟೇಷನ್ ಬಂತೆಂದು ಬಾಗಿಲಿಗೆ ಹೋದರು.

ಅಂಗಡಿಯವನು ಎರಡು ಪೆಟ್ಟಿಗೆ ತೆಗೆದಿಟ್ಟ. ಬೆಲೆ ಎರಡಕ್ಕೂ ಒಂದೇ. ಒಂದಕ್ಕೆ ಒಂದೇ ಮೈಕು ಸಿಕ್ಕಿಸಬಹುದು. ಮಾತಾಡುವವನಿಗೆ ತನ್ನ ದನಿ ಆ ಕ್ಷಣವೇ ಹೆಡ್‌ಫೋನಿನಲ್ಲಿ ಕೇಳುತ್ತದೆ. ಇನ್ನೊಂದಕ್ಕೆ ಎರಡು ಮೈಕು. ಆದರೆ ದನಿ ಕಂಪ್ಯೂಟರಿನೊಳಗೆ ಹೋಗಿ ಸುತ್ತಿ ಕಿವಿಗೆ ಬರಬೇಕು.

“ಅಕೇಲೇ ಬೋಲನಾ ಹೈ ತೋ ಏಕ್ ವಾಲಾ ಲೇಲೋ,” ಎಂದ ಅಂಗಡಿಯವನು, ಒಂದೇ ಮೈಕಿನದನ್ನು ಮುಂದೆ ತಳ್ಳುತ್ತಾ.

ಹರಿಶ್ಚಂದ್ರನ ಕೈ ಅದರ ಕಡೆಗೇ ಹೋಗಿತ್ತು. ಮುಂಡಪ್ಪ ತಡೆದ.

“ಹರಿ, ಒನ್ ರೂಮ್ ಕಿಚನಿನ ರೇಟಿಗೆ ಒನ್ ಬಿಎಚ್‌ಕೆ ಸಿಕ್ಕಿದ್ರೆ ಬೇಡ ಅಂತೀಯಾ?”

“ನನಗಿರುವುದು ಒಂದೇ ಬಾಯಿ ಅಲ್ವಾ ಮುಂಡಪ್ಪಣ್ಣ.”

“ಇವತ್ತು ಒಂದೇ. ನಾಳೆ ಹಾರ್ಮೋನಿಯಂ ಇಲ್ವಾ? ಬರುವವರಿಗೆ ಜಾಗ ಬೇಡ್ವಾ?”

“ಪ್ರೇಕ್ಷಾ ಹೇಳಿದ್ದಳು, ದನಿ ತಡವಾಗಿ ಬರ್ತದಂತೆ…”

“ಬರಲಿ. ಸೆಂಟ್ರಲ್ ಲೈನಿನ ರೈಲಿನಲ್ಲಿ ಇಷ್ಟು ವರ್ಷ ಓಡಾಡಿದವನು ತಡಕ್ಕೆ ಹೆದರುವುದಾ?”

ಹರಿಶ್ಚಂದ್ರನ ಸ್ವಭಾವವೇ ಹಾಗೆ. ವಾದ ಮಾಡುವುದಕ್ಕಿಂತ ತಪ್ಪು ಸಾಮಾನು ಹೊತ್ತು ತರುವುದು ಅವನಿಗೆ ಸುಲಭ. ಎರಡು ಮೈಕಿನ ಪೆಟ್ಟಿಗೆ ಡೊಂಬಿವಲಿಗೆ ಬಂತು.

ಮಂಡಳಿಯ ಮೈಕು ತಂದು ಜೋಡಿಸಿದ ಮೇಲೆ ಗೊತ್ತಾಯಿತು, ಪೆಟ್ಟಿಗೆ ಮಹಾ ಸೂಕ್ಷ್ಮ. ಫ್ಯಾನು ತಿರುಗುವುದು, ಫ್ರಿಜ್ ಗುನುಗುವುದು, ಪಕ್ಕದ ಮನೆಯ ಜಯಲತಾರ ಮಿಕ್ಸಿಯಲ್ಲಿ ಕೊತ್ತಂಬರಿ ನುರಿಯುವುದು, ಎಲ್ಲ ಬಂತು. ಫ್ಯಾನು ನಿಂತಿತು. ಫ್ರಿಜ್ ನಿಂತಿತು. ಮಿಕ್ಸಿ ನಿಲ್ಲಿಸಲು ಕೇಳಿಕೊಂಡದ್ದಕ್ಕೆ ಜಯಲತಾ ಕೈ ಒರೆಸುತ್ತಾ ಮನೆಯೊಳಗೇ ಬಂದರು.

“ಎಂತ ವಿಮಲಕ್ಕ, ಮನೆಯಲ್ಲಿ ಸೂತಕವಾ? ಇಷ್ಟು ಮೌನ?”

“ಇವರ ದನಿ ತೆಗೀಬೇಕಂತೆ.”

“ಇವರಿಗೆ ದನಿ ಉಂಟಾ?” ಎಂದು ಜಯಲತಾ ನಿಜವಾಗಿಯೇ ಆಶ್ಚರ್ಯಪಟ್ಟರು. ಆಮೇಲೆ ಉಪಾಯವನ್ನೂ ಹೇಳಿದರು. “ಸೀರೆಯ ಕಪಾಟಿನೊಳಗೆ ಮುಖ ಇಟ್ಟು ಹೇಳಲಿ. ನಾನು ಅತ್ತೆಗೆ ಬೈಯುವುದು ಅಲ್ಲಿಯೇ. ಹೊರಗೆ ಒಂದು ಅಕ್ಷರ ಹೋಗುವುದಿಲ್ಲ.”

ಹರಿಶ್ಚಂದ್ರ ಸೊಂಟದವರೆಗೆ ಕಪಾಟಿನೊಳಗೆ ಸೇರಿದ. ಎಡಕ್ಕೆ ವಿಮಲಾಳ ಮದುವೆ ಸೀರೆ, ಬಲಕ್ಕೆ ಚಳಿಗಾಲದ ಕಂಬಳಿ, ಮೂಗಿನ ಮುಂದೆ ಮೈಕು. ಹೊರಗಿನಿಂದ ನೋಡಿದರೆ, ಹಲ್ಲಿ ಅರ್ಧ ನುಂಗಿದ ಹುಳುವಿನಂತಿದ್ದ.

ಕಟ್ಟಡವನ್ನು ಸುಮ್ಮನಾಗಿಸುವ ಹೊಣೆಯನ್ನು ಮುಂಡಪ್ಪ ವಹಿಸಿಕೊಂಡ. ಮಾಳಿಗೆ ಮಾಳಿಗೆ ಹತ್ತಿ ಒಂದೊಂದು ಬಾಗಿಲು ತಟ್ಟಿದ. “ಹರಿಯ ಪರೀಕ್ಷೆ ಉಂಟು. ಟಿವಿ ಬಂದ್. ಕುಕ್ಕರ್ ಬಂದ್. ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿ.” ಅವನ ಸುಮ್ಮನಿರಿಸುವ ಗದ್ದಲ ಮುಗಿದ ಮೇಲೆ, ಆ ಕಟ್ಟಡ ಹುಟ್ಟಿದಾಗಿನಿಂದ ಕಾಣದ ಒಂದು ನಿಶ್ಶಬ್ದ ಇಳಿಯಿತು.

ಆರಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ಹರಿಶ್ಚಂದ್ರ ಹೆಡ್‌ಫೋನ್ ಹಾಕಿ ಮೊದಲ ಸಾಲು ಹೇಳಿದ.

“ಈ ಗುಹೆಯನ್ನು ಒಂದೇ ಬಂಡೆಯಲ್ಲಿ ಕೆತ್ತಲಾಗಿದೆ.”

ಸಾಲು ಮುಗಿದ ಮೇಲೂ ‘ಕೆತ್ತಲಾಗಿದೆ’ ಎಂಬುದು ಅವನದೇ ದನಿಯಲ್ಲಿ, ತಡವಾಗಿ ಬಂದ ಭಜಕನಂತೆ, ಕಿವಿಯೊಳಗೆ ಬಂದು ಕೂತಿತು. ಅವನು ತಬ್ಬಿಬ್ಬಾದ. ಮತ್ತೆ ಹೇಳಿದ, ಮತ್ತೆ ತೊದಲಿದ. ಕೊನೆಗೆ ಒಂದು ದಾರಿ ಹೊಳೆಯಿತು. ಹಿಂದೆ ಬರುತ್ತಿರುವುದು ತನ್ನ ದನಿಯಲ್ಲ, ಮಂಡಳಿ. ಕಣ್ಣು ಮುಚ್ಚಿದ. ಒಂದು ಸಾಲು ಹೇಳಿದ, ಮಂಡಳಿ ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟು ಹೊತ್ತು ಕಾದ, ಮುಂದಿನ ಸಾಲು ಹೇಳಿದ. ಆಮೇಲೆ ಒಂದು ಅಕ್ಷರವೂ ತಪ್ಪಲಿಲ್ಲ. ಸಾಲು ಸಾಲುಗಳ ನಡುವಿನ ಆ ಕತ್ತಲೆಯಲ್ಲಿ, ಸೀರೆಗಳ ಕರ್ಪೂರದ ವಾಸನೆಯಲ್ಲಿ, ಅವನಿಗೆ ವರ್ಷಗಳಿಂದ ಸಿಗದ ಒಂದು ಸಮಾಧಾನ ಸಿಕ್ಕಿತು. ಮುಗಿಸಿ ಕೇಳಿ ನೋಡಿದ. ಎಲ್ಲ ಇರಬೇಕಾದ ಹಾಗೇ ಇತ್ತು. ಕಳಿಸಿದ.

ಊಟಕ್ಕೆ ಕೂರುವಾಗ ಫೋನ್ ಬಂತು.

“ಸರ್, ನಾ ಸಾನಪಾಡಾದಿಂದ ಮುಕ್ತಾ ಮಾತಾಡ್ಲಿಕತ್ತೀನ್ರಿ. ನಿಮ್ಮ ರೆಕಾರ್ಡಿಂಗ್ ಎಲ್ಲಾರೂ ಕೂತು ಕೇಳಿದ್ವಿರಿ.”

ಹರಿಶ್ಚಂದ್ರ ತಟ್ಟೆ ಸರಿಸಿದ. “ಎಲ್ಲರೂ? ಸುಮ್ಮನೆ ಕೂತು?”

“ಹೂಂರಿ. ಅದ್ರಾಗಿನ ಮೌನ ಭಾಳ ಛಲೋ ಐತ್ರಿ.”

“ಮೌನವಾ?”

“ಒಂದೊಂದು ಸಾಲಿಗೂ ಅಷ್ಟುದ್ದ ಜಾಗ ಬಿಟ್ಟೀರಲ್ರಿ, ಅದ್ರಾಗ ಗುಂಯ್ ಅನ್ನೋ ಸಪ್ಪಳ ಸುದ್ದಾ ಇಲ್ಲ. ನಮ್ಮ ಸ್ಟುಡಿಯೋದಾಗೂ ಇಷ್ಟು ಬರಂಗಿಲ್ರಿ. ಯಾವ ಪೆಟಗಿ ತೊಗೊಂಡೀರಿ? ಎಲ್ಲಿ ಕೂತು ಮಾಡಿದ್ರಿ?”

“ಕಪಾಟಿನಲ್ಲಿ.” ಹಾಗೆಯೇ ಕೇಳಿದ, “ದನಿ ಹೇಗಿತ್ತು?”

“ದನೀನೂ ಛಲೋನ ಐತ್ರಿ. ಆದ್ರ ನೀವು ಎರಡನೇ ಸಾಲು ಹೇಳೋದ್ರಾಗ ನೋಡಾಕ ಬಂದವ್ರು ಮುಂದಿನ ಗುಹೆಗೆ ಹೋಗಿಬಿಡ್ತಾರ್ರಿ. ದನಿ ಬ್ಯಾರೇದವ್ರದು ಆರಿಸೇವಿ. ಅವ್ರು ಮೆಟ್ಟಿಲ ಮ್ಯಾಲೆ ನಿಂತು ಮೊಬೈಲಿನ್ಯಾಗ ಮಾಡ್ಯಾರ, ಎಲ್ಲಾ ಗುಂಯ್‌ಗುಡತೈತಿ. ಅವ್ರೂ ಡೊಂಬಿವಲಿಯವ್ರ. ನಿಮ್ಮ ಕಪಾಟಿನ್ಯಾಗ ನಿಂದರಿಸಿ ಒಮ್ಮಿ ಅವರ ದನಿ ತುಂಬಿಕೊಡ್ತೀರೇನ್ರಿ? ಸರಿಹೋದ್ರ ಮುಂದ ಗುಜರಾತಿಯವ್ರನ್ನೂ ನಿಮ್ಮಲ್ಲೇ ಕಳಸ್ತೀವಿ.”

ಬಾಗಿಲ ಗಂಟೆ ಬಡಿಯಿತು. ವಿಮಲಾ ತೆಗೆದಳು. ಮುಂಡಪ್ಪ ಇಸ್ತ್ರಿ ಅಂಗಿ ಹಾಕಿ, ಬಿಸಿನೀರಿನ ಫ್ಲಾಸ್ಕ್ ಹಿಡಿದು ನಿಂತಿದ್ದ.

“ಫೋನ್ ಬಂತಾ ಹರಿ? ನನಗೂ ಬಂದಿತ್ತು.”

ಹರಿಶ್ಚಂದ್ರ ಫೋನನ್ನು ಎದೆಗೆ ಒತ್ತಿಕೊಂಡ. “ನೀವು ಯಾವಾಗ ಕಳಿಸಿದ್ದು ಮುಂಡಪ್ಪಣ್ಣ?”

“ನೀನು ಕಪಾಟಿನೊಳಗೆ ಇದ್ದಾಗ.” ಮುಂಡಪ್ಪ ನೆಲ ನೋಡಿದ. “ಇಡೀ ಬಿಲ್ಡಿಂಗಿನ ಬಾಯಿ ಮುಚ್ಚಿಸಿದ್ದೆ ಮಾರಾಯ. ನಿನ್ನೊಬ್ಬನಿಗೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಅಷ್ಟು ಒಳ್ಳೆ ನಿಶ್ಶಬ್ದ ಹಾಳಾಗುವುದು ಬೇಡ ಅಂತ ನಾನೂ ಒಂದು ಹೇಳಿಬಿಟ್ಟೆ.”

ವಿಮಲಾ ಗಂಡನ ಮುಖ ನೋಡಿದಳು. ಫೋನಿನೊಳಗಿಂದ ಸಣ್ಣಗೆ, “ಸರ್, ಲೈನ್ ಐತೇನ್ರಿ?” ಎಂದು ಕೇಳಿಸುತ್ತಿತ್ತು.

“ಐತಿ,” ಎಂದ ಹರಿಶ್ಚಂದ್ರ, ಮುಕ್ತಾಳದೇ ಮಾತಿನಲ್ಲಿ. “ಕಳಿಸ್ತೇವೆ.”

ಫ್ಯಾನು ಮತ್ತೆ ನಿಂತಿತು. ಮುಂಡಪ್ಪ ಸೀರೆಗಳ ನಡುವೆ ತಲೆ ತೂರಿಸಿ ಗಂಟಲು ಸರಿಮಾಡಿಕೊಂಡ. ದನಿ ನಿಜಕ್ಕೂ ಚೆನ್ನಾಗಿತ್ತು. ಬಂಡೆಯಂತೆ ತಂಪಾಗಿ, ಗಟ್ಟಿಯಾಗಿ. ಹರಿಶ್ಚಂದ್ರ ಹೆಡ್‌ಫೋನನ್ನು ಎರಡೂ ಕಿವಿಗೆ ಸರಿಯಾಗಿ ಕೂರಿಸಿದ.

“ನಿಧಾನ ಬೇಡ ಮುಂಡಪ್ಪಣ್ಣ. ಒಂದೇ ಉಸಿರಿಗೆ ಹೇಳಿ,” ಎಂದ. “ನಾನು ಕೇಳ್ತಾ ಇದ್ದೇನೆ.”